ವಿಶೇಷಣದ ಜಗಳ ಸಾಕು, ಪುರಾವೆ ತನ್ನಿ

ಆಯುರ್ವೇದವನ್ನು ಇಂಗ್ಲಿಷ್ ವಿಕಿಪೀಡಿಯ 'ಹುಸಿವಿಜ್ಞಾನ'ವೆಂದು ಕರೆದಿರುವುದಕ್ಕೆ ನಮ್ಮ ಬಂಧುಗಳಲ್ಲಿ ಅನೇಕರಿಗೆ ಸಿಟ್ಟು ಬಂದಿದೆ. ಊರು ಬಿಟ್ಟು ಬಂದರೂ ಬಾಲ್ಕನಿಯ ಕುಂಡದಲ್ಲಿ ಅಮೃತಬಳ್ಳಿ, ದೊಡ್ಡಪತ್ರೆ ಬೆಳೆಸುವವರು ನಾವು. ಅಜ್ಜಿಯ ಕಷಾಯವನ್ನು ಯಾರೋ ಹೀಗಳೆದಂತಾದರೆ ನೋಯುವುದು ಸಹಜ. ಆದರೆ ಆ ಸಿಟ್ಟು ಹಿಡಿದಿರುವ ದಾರಿ ಸರಿಯಲ್ಲವೆಂದು ಹೇಳದೆ ನಮಗೆ ವಿಧಿಯಿಲ್ಲ.

2001ರಲ್ಲಿ ಆರಂಭವಾದ ಈ ವಿಶ್ವಕೋಶವನ್ನು ಓದುಗರೇ ತಿದ್ದಬಹುದು. ಆದ್ದರಿಂದಲೇ ಒಬ್ಬರು ಆ ಪದವನ್ನು ಅಳಿಸುವುದು, ಇನ್ನೊಬ್ಬರು ಮರಳಿ ಸೇರಿಸುವುದು ವರ್ಷಗಟ್ಟಲೆ ನಡೆದಿದೆ. ಆದರೆ ಅಲ್ಲಿ ತಲೆ ಎಣಿಕೆಗೆ ಬೆಲೆಯಿಲ್ಲ. ವೈದ್ಯಕೀಯ ವಿಷಯಗಳಿಗೆ ನಿಯಮ ಇನ್ನೂ ಬಿಗಿ. ರೋಗಿಯ ಅನುಭವ, ತಯಾರಕರ ಕರಪತ್ರ, ಒಂಟಿ ಪ್ರಯೋಗ ಸಾಲದು. ಹಲವು ಪ್ರಯೋಗಗಳನ್ನು ತೂಗಿ ನೋಡಿದ ವಿಮರ್ಶೆ ಬೇಕು. 2014ರಲ್ಲಿ ಪರ್ಯಾಯ ಚಿಕಿತ್ಸೆಯೊಂದರ ಬೆಂಬಲಿಗರು ಸಾವಿರಾರು ಸಹಿ ಕೂಡಿಸಿ ನಿಯಮ ಸಡಿಲಿಸಿರೆಂದು ಕೇಳಿದಾಗ, ಸ್ಥಾಪಕ ಜಿಮ್ಮಿ ವೇಲ್ಸ್ ಒಪ್ಪಲಿಲ್ಲ. ಮಾನ್ಯ ವಿಜ್ಞಾನ ಪತ್ರಿಕೆಗಳಲ್ಲಿ ನಿಮ್ಮ ಕೆಲಸ ಪ್ರಕಟವಾಗಲಿ ಎಂಬುದೇ ಅವರ ಉತ್ತರದ ಸಾರ.

ನಮ್ಮ ದೇಶದ ಆಯುರ್ವೇದ ಔಷಧ ತಯಾರಕರ ಸಂಘಟನೆಯೊಂದು ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೇ ಹತ್ತಿತು. 2022ರ ಅಕ್ಟೋಬರಿನಲ್ಲಿ ಅರ್ಜಿ ವಜಾ ಆಯಿತು. ಲೇಖನವನ್ನು ನೀವೇ ತಿದ್ದಬಹುದಲ್ಲ ಎಂದಿತು ನ್ಯಾಯಾಲಯ. ಕುಣಿಯಲಾರದವಳು ನೆಲ ಡೊಂಕು ಅಂದಳೆಂಬ ಗಾದೆ ನಮಗೆ ನೆನಪಾದರೆ ತಪ್ಪೇನು?

ಕುಣಿದು ತೋರಿಸಿದವರೂ ನಮ್ಮಲ್ಲಿದ್ದರು. ಮುಂಬಯಿಯ ಹೃದ್ರೋಗತಜ್ಞ ಡಾ. ರುಸ್ತುಂ ಜಾಲ್ ವಕೀಲರು ಸರ್ಪಗಂಧದ ಬೇರನ್ನು ರಕ್ತದೊತ್ತಡದ 50 ರೋಗಿಗಳಿಗೆ ಕೊಟ್ಟು, ಅಳೆದು, ಫಲಿತಾಂಶವನ್ನು 1949ರಲ್ಲಿ 'ಬ್ರಿಟಿಷ್ ಹಾರ್ಟ್ ಜರ್ನಲ್'ನಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಆ ಬೇರಿನಿಂದ ರಿಸರ್ಪಿನ್ ಬೇರ್ಪಡಿಸಿದರು. ಜಗತ್ತಿನ ವೈದ್ಯರು ಅದನ್ನು ಬಳಸಿದರು. ವಕೀಲರು ಯಾರ ಸಹಿಯನ್ನೂ ಸಂಗ್ರಹಿಸಲಿಲ್ಲ.

ಹಾಗೆಂದು ಸರ್ಪಗಂಧ ಗೆದ್ದರೆ ವಾತ ಪಿತ್ತ ಕಫದ ಸಿದ್ಧಾಂತವೂ ಗೆದ್ದಂತಲ್ಲ. ಸಿದ್ಧಾಂತ ಸೋತರೆ ಎಲ್ಲ ಬೇರುನಾರೂ ವ್ಯರ್ಥವೆಂದೂ ಅಲ್ಲ. ಒಂದೊಂದನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು, ಅಷ್ಟೇ.

'ಸಾವಿರಾರು ವರ್ಷಗಳ ಅನುಭವಕ್ಕಿಂತ ಪುರಾವೆ ಬೇಕೆ?' ಎನ್ನುವವರಿದ್ದಾರೆ. ಬೇಕು. 2004ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಅಮೆರಿಕದ ಬಾಸ್ಟನ್ ಸುತ್ತಲಿನ ಅಂಗಡಿಗಳಿಂದ 70 ಆಯುರ್ವೇದ ಔಷಧಗಳನ್ನು ಕೊಂಡು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಇಲ್ಲವೇ ಆರ್ಸೆನಿಕ್ ಸಿಕ್ಕಿತು. ಸೀಸ ನಿಧಾನವಾಗಿ ಮೈಯಲ್ಲಿ ಸೇರುವ ವಿಷ. ಅನುಭವದ ಕಣ್ಣಿಗೆ ಅದು ಬೀಳುವುದಿಲ್ಲ, ಪ್ರಯೋಗಶಾಲೆಯ ಕಣ್ಣಿಗೆ ಬೀಳುತ್ತದೆ. ಮಕ್ಕಳಿಗಂತೂ ಅದರ ಅಪಾಯ ಹೆಚ್ಚು.

ಬಂಧುಗಳೇ, ವಿಶ್ವಕೋಶದ ಪುಟ ನಮ್ಮ ಸಂಸ್ಕೃತಿಗೆ ಕೊಡುವ ಸನ್ಮಾನಪತ್ರವಲ್ಲ. ಸಕ್ಕರೆ ಕಾಯಿಲೆಯ ಗುಳಿಗೆ ಬಿಟ್ಟು ಚೂರ್ಣಕ್ಕೆ ಬದಲಾಗಲೇ ಎಂದು ಯೋಚಿಸುತ್ತಿರುವವರೂ ಅದನ್ನು ಓದುತ್ತಾರೆ. ಅವರಿಗೆ ಬೇಕಾದದ್ದು ನಮ್ಮ ಅಭಿಮಾನವಲ್ಲ, ನಿಜ. ನಮ್ಮ ಮನೆಗಳಲ್ಲಿ ವೈದ್ಯರಿದ್ದಾರೆ, ರಸಾಯನಶಾಸ್ತ್ರ ಓದಿದ ಮಕ್ಕಳಿದ್ದಾರೆ. ಆಯುರ್ವೇದದ ಮೇಲೆ ನಿಜವಾದ ಪ್ರೀತಿಯಿದ್ದರೆ ಅವರು ಪದ ಅಳಿಸುವ ಕೆಲಸ ಬಿಟ್ಟು, ವಕೀಲರಂತೆ ಅಳೆಯುವ ಕೆಲಸಕ್ಕೆ ಕೈಹಚ್ಚಲಿ. ಪುರಾವೆ ಬಂದ ದಿನ ಪುಟ ತಾನಾಗಿ ಬದಲಾಗಬೇಕು. ಆಗಲೂ ಬದಲಾಗದಿದ್ದರೆ ಜಗಳಕ್ಕೆ ನಾವೇ ಮುಂದೆ ನಿಲ್ಲುತ್ತೇವೆ.