ಕೊಯ್ನಾ ಭೂಕಂಪ, ಜೂನ್ 1 ಮತ್ತು ಮಂಜಿನ ವಯಸ್ಸು

ನಮ್ಮಜ್ಜಿಗೆ ತಾರೀಖು ಗೊತ್ತಿರಲಿಲ್ಲ. "ಕೊಯ್ನಾ ಭೂಕಂಪ ಆದಾಗ ನಿಮ್ಮ ಕಾಕಾ ತೊಟ್ಟಲದಾಗಿದ್ದ" ಅನ್ನೋಳು. ಪುಣೆಗೆ ಬಂದ ಮೇಲೆ ನೋಡಿದರೆ, ಪಕ್ಕದ ಮನೆಯ ಮರಾಠಿ ಆಜಿಯೂ ಮಗಳ ಮದುವೆ ಲೆಕ್ಕವನ್ನು ಅದೇ ಭೂಕಂಪದಿಂದ ಹೇಳೋರು. 1967ರ ಡಿಸೆಂಬರ್ 11. ಎರಡು ಊರಿನ ಕಥೆ ನೇತುಹಾಕಲು ಒಂದೇ ಮೊಳೆ!

ಇದು ನೆನಪಾಗಿದ್ದು ಮೊನ್ನೆ ಗೆಳೆಯರೊಬ್ಬರು ಕಳಿಸಿದ ವಾಟ್ಸಾಪ್ ಫಾರ್ವರ್ಡ್ ನೋಡಿ. ಅಂಟಾರ್ಕ್ಟಿಕಾದ ಮಂಜಿನಲ್ಲಿ ಮೊದಲು ಬಿಸಿ ಏರಿದೆ, 800 ವರ್ಷದ ನಂತರ ಕಾರ್ಬನ್ ಡೈಆಕ್ಸೈಡ್ ಏರಿದೆ, ಆದ್ದರಿಂದ ಹವಾಮಾನ ವಿಜ್ಞಾನವೆಲ್ಲ ಸುಳ್ಳು ಅಂತ. ನಾನು ಕೇಳೋದು ಇಷ್ಟೇ: ಯಾವ ಗಡಿಯಾರ ನೋಡಿ ಹೇಳಿದಿರಿ?

ಬಿದ್ದ ಹಿಮ ಕೂಡಲೇ ಗಟ್ಟಿಯಾಗುವುದಿಲ್ಲ. ಸುಮಾರು 100 ಮೀಟರ್ ಆಳದವರೆಗೂ ಗಾಳಿ ಆಡುತ್ತಲೇ ಇರುತ್ತದೆ, ಆಮೇಲೆ ಗುಳ್ಳೆಯಾಗಿ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಗುಳ್ಳೆಯ ಗಾಳಿ ಅದರ ಸುತ್ತಲಿನ ಮಂಜಿಗಿಂತ ಚಿಕ್ಕ ವಯಸ್ಸಿನದು. ಹಿಮ ಕಡಿಮೆ ಬೀಳುವ ಒಳನಾಡಿನಲ್ಲಿ, ಹಿಮಯುಗದ ಕಾಲದಲ್ಲಿ, ಈ ಅಂತರ ಕೆಲವು ಸಾವಿರ ವರ್ಷ. ಬಿಸಿಯ ಲೆಕ್ಕ ಮಂಜಿನಿಂದ, ಕಾರ್ಬನ್ ಲೆಕ್ಕ ಗಾಳಿಯಿಂದ. ಈ ಅಂತರದಲ್ಲಿ ತುಸು ತಪ್ಪಿದರೂ ಹಿಂದಿದ್ದದ್ದು ಮುಂದಾಗುತ್ತದೆ. 800 ವರ್ಷದ ಅಂಕಿ 2003ರ ಒಂದು ಅಧ್ಯಯನದ್ದು, ಸುಮಾರು 2,40,000 ವರ್ಷ ಹಿಂದಿನ ಘಟನೆಯದು. ಕೊನೆಯ ಹಿಮಯುಗ ಮುಗಿದಾಗ ಎರಡೂ ಹೆಚ್ಚೂಕಡಿಮೆ ಒಟ್ಟಿಗೇ ಏರಿದವು ಅಂತ 2013ರಲ್ಲಿ ಇನ್ನೊಂದು ತಂಡ ತೋರಿಸಿತು. ಫಾರ್ವರ್ಡಿನಲ್ಲಿ ಅದಿಲ್ಲ.

ಸಮುದ್ರದ ಕೆಸರಿನದು ಬೇರೆ ತಕರಾರು. ಸಮುದ್ರದ ಮೇಲ್ನೀರೇ ಸಾಮಾನ್ಯವಾಗಿ ಸುಮಾರು 400 ವರ್ಷ ಹಳೆಯದೆಂದು ರೇಡಿಯೋ ಕಾರ್ಬನ್ ತೋರಿಸುತ್ತದೆ. ಇನ್ನೂ ಹಳೆಯ ಪದರಗಳಿಗೆ ಮಂಜಿನ ಏರಿಳಿತಕ್ಕೆ ಕೆಸರಿನ ಏರಿಳಿತ ಜೋಡಿಸಿ ವಯಸ್ಸು ಕೊಡುವ ರೂಢಿಯೂ ಇದೆ. ಕೊಡಲಿ, ಬೇಡ ಅನ್ನೋಲ್ಲ. ಆದರೆ ಹಾಗೆ ಜೋಡಿಸಿದ ಮೇಲೆ "ನೋಡಿ, ಎರಡೂ ಕಡೆ ಒಂದೇ ಸಲ ಬದಲಾಯಿತು" ಅನ್ನೋ ಹಾಗಿಲ್ಲ. ನಮ್ಮೂರ ಶಾಲೆಯಲ್ಲಿ ಮಾಸ್ತರರು ಎಲ್ಲರಿಗೂ ಜೂನ್ 1 ಅಂತ ಬರೆದುಬಿಡೋರು, ನನಗೂ ಅದೇ. ಆ ರಿಜಿಸ್ಟರ್ ನೋಡಿ ಊರಿನ ಮಕ್ಕಳೆಲ್ಲ ಜೂನ್‌ನಲ್ಲೇ ಹುಟ್ಟುತ್ತಾರೆ ಅಂದರೆ ನಗೋಲ್ವೇ?

ಬೇಕಾದದ್ದು ಕೊಯ್ನಾದಂಥ ಮೊಳೆ. ಸುಮಾರು 74,000 ವರ್ಷ ಹಿಂದೆ ಸುಮಾತ್ರಾದ ಟೋಬಾ ಜ್ವಾಲಾಮುಖಿ ಸಿಡಿಯಿತು. ಅದರ ಬೂದಿ ಅರಬ್ಬೀ ಸಮುದ್ರದ ಕೆಸರಿನಲ್ಲಿದೆ, ಆಂಧ್ರದ ಜ್ವಾಲಾಪುರದಲ್ಲೂ ಇದೆ. ಜ್ವಾಲಾಪುರದ ಉತ್ಖನನದಲ್ಲಿ ನಮ್ಮ ಧಾರವಾಡದ ರವಿ ಕೋರಿಶೆಟ್ಟರ್ ಅವರೂ ಇದ್ದರು. ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾದ ಮಂಜಿನಲ್ಲಿ ಅದೇ ಕಾಲದ ಗಂಧಕದ ಗುರುತುಗಳನ್ನು 2013ರಲ್ಲಿ ಹೊಂದಿಸಿ ನೋಡಿದ್ದಾರೆ. ಒಂದೇ ಮೊಳೆಯಿಂದ ಸಾಲದು, ಇಂಥವು ಹತ್ತಾರು ಬೇಕು.

ಇದೆಲ್ಲ ಪಂಡಿತರ ಜಗಳ, ನಮಗೇನು ಅಂತೀರಾ? ಗ್ರೀನ್‌ಲ್ಯಾಂಡಿನ ಚಳಿಯ ಕಾಲಗಳಲ್ಲಿ ನಮ್ಮ ಮುಂಗಾರು ಸೊರಗಿದ್ದರ ಗುರುತು ಅದೇ ಅರಬ್ಬೀ ಕೆಸರಿನಲ್ಲಿದೆ. ಯಾವುದು ಮೊದಲು, ಎಷ್ಟು ಬೇಗ ಅನ್ನೋದು ಊರಲ್ಲಿ ಹೊಲ ಇರುವ ನಮ್ಮಣ್ಣನಿಗೂ ಸಂಬಂಧಪಟ್ಟದ್ದೇ.

ಇನ್ನು ಮುಂದೆ ಎರಡು ಗೆರೆ ಅಕ್ಕಪಕ್ಕ ಇಟ್ಟು ಯಾರಾದರೂ ತೀರ್ಪು ಕೊಟ್ಟರೆ ದಯವಿಟ್ಟು ಕೇಳಿ: ಹುಟ್ಟಿದ ದಿನ ನಿಜದ್ದೋ, ಮಾಸ್ತರರು ಬರೆದದ್ದೋ?