ಗೀಸರ್ ಒಳಗೂ ಹೂಳು ತುಂಬುತ್ತೆ!

ತುಂಗಭದ್ರಾ ಡ್ಯಾಮಿನ ಹೂಳಿನ ಕಥೆ ಹೊಸಪೇಟೆಯವರಿಗೆ ಹೊಸದೇನಲ್ಲ. ಒಂದು ಕಾಲಕ್ಕೆ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿದ್ದ ಜಲಾಶಯ ಈಗ 105ರ ಆಸುಪಾಸಿಗೆ ಇಳಿದಿದೆ. ಇದೇ ಕಥೆ ನಿಮ್ಮ ಹೊಸ ಮನೆಯ ಬಾತ್‌ರೂಮ್ ಗೋಡೆ ಮೇಲೂ ಸದ್ದಿಲ್ಲದೆ ನಡೀತಿರಬಹುದು. ಗೃಹಪ್ರವೇಶಕ್ಕೆ ಹಾಕಿಸಿದ 25 ಲೀಟರ್ ಗೀಸರ್‌ನಲ್ಲಿ ಬರಬರುತ್ತಾ ಬಿಸಿನೀರು ಬೇಗ ಮುಗಿಯುತ್ತೆ, ಒಳಗಿಂದ ಟಕ್ ಟಕ್ ಸದ್ದು ಬರುತ್ತೆ, ಒಂದು ದಿನ ಕಾಯಿಲ್ ಸುಟ್ಟೇ ಹೋಗುತ್ತೆ. ಕಂಪನಿಯನ್ನು ಬೈಯುವ ಮುಂಚೆ ನೀರಿನ ಕಡೆ ಒಮ್ಮೆ ನೋಡಿ.

ಹೊಳೆ ನೀರಾ, ಬೋರ್ ನೀರಾ?

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಎರಡೂ ಒಂದೇ ಸಂಪಿಗೆ ಬೀಳುತ್ತವೆ. ನಲ್ಲಿ ಬಂದ ದಿನ ಹೊಳೆ ನೀರು, ಬಾರದ ದಿನ ಬೋರ್. ಎರಡರ ಕಾಟವೂ ಬೇರೆ ಬೇರೆ. ಮಳೆಗಾಲದ ಹೊಳೆ ನೀರು ಮಣ್ಣು ತರುತ್ತೆ, ಅದು ಗೀಸರ್ ತಳದಲ್ಲಿ ಕೆಸರಾಗಿ ಕೂರುತ್ತೆ. ಬೋರ್ ನೀರು ಕಣ್ಣಿಗೆ ತಿಳಿಯಾಗೇ ಕಾಣುತ್ತೆ, ಆದರೆ ನೆಲದೊಳಗಿನ ಕಲ್ಲು-ಮಣ್ಣಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಬಂದಿರುತ್ತೆ. ಕಾಯಿಸಿದಾಗ ಅದು ಸುಣ್ಣದಂಥ ಬಿಳಿ ಪದರವಾಗಿ ಕಾಯಿಲ್‌ಗೆ ಅಂಟುತ್ತೆ. ಶಾಖ ಆ ಪದರ ದಾಟಿ ನೀರಿಗೆ ಸರಿಯಾಗಿ ಹೋಗಲ್ಲ, ಕಾಯಿಲ್ ತಾನೇ ಬೇಯುತ್ತೆ. ಅಜ್ಜಿ ಕಾಲದ ತಾಮ್ರದ ಹಂಡೆಯಲ್ಲೂ ಹೀಗೇ ಕಟ್ಟುತ್ತಿತ್ತು, ಹುಣಸೆಹುಳಿ ಹಾಕಿ ಉಜ್ಜುತ್ತಿದ್ದರು. ಗೀಸರ್ ಒಳಗೆ ಕೈ ಹೋಗಲ್ಲ ನೋಡಿ.

ಮನೆಯಲ್ಲೇ ಪರೀಕ್ಷೆ

ಒಂದು ಬಾಟಲಿಗೆ ಬೋರ್ ನೀರು, ಇನ್ನೊಂದಕ್ಕೆ ಅಷ್ಟೇ ಆರ್‌ಒ ನೀರು ಹಾಕಿ. ಎರಡಕ್ಕೂ ಸಮನಾಗಿ ಮೈಸೋಪಿನ ಚೂರು ಹಾಕಿ ಕುಲುಕಿ. ಬೋರ್ ನೀರಲ್ಲಿ ನೊರೆ ಬಾರದೆ ಬಿಳಿ ಕೆನೆಯಂಥದ್ದು ತೇಲಿದರೆ ಅದು ಗಡಸು ನೀರು. ಡಿಟರ್ಜೆಂಟ್ ಬೇಡ, ಅದು ಗಡಸು ನೀರಲ್ಲೂ ನೊರೆ ಕೊಡುತ್ತೆ. ಟಿಡಿಎಸ್ ಮೀಟರ್ ಕೂಡ ಒಟ್ಟು ಲವಣ ಎಷ್ಟು ಅಂತಷ್ಟೇ ಅಂದಾಜು ಕೊಡುತ್ತೆ, ಗಡಸುತನ ಹೇಳಲ್ಲ. ನಿಖರ ಸಂಖ್ಯೆ ಬೇಕಿದ್ದರೆ ಲ್ಯಾಬ್‌ಗೆ ಕೊಡಿ. ಬಿಐಎಸ್ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತೆ. ಆದರೆ ಕುಡಿಯಲು ನಡೆಯುವ 500 ನಿಮ್ಮ ಗೀಸರ್‌ಗೆ ನಡೆಯಲ್ಲ!

ಏನು ಮಾಡಬೇಕು?

1. ಮನೆ ಕಟ್ಟುತ್ತಿದ್ದರೆ ಎರಡು ಟ್ಯಾಂಕ್, ಎರಡು ಲೈನ್ ಮಾಡಿಸಿ. ಹೊಳೆ ನೀರು ಗೀಸರ್, ವಾಷಿಂಗ್ ಮೆಷಿನ್‌ಗೆ. ಬೋರ್ ನೀರು ಫ್ಲಶ್, ಗಿಡಗಳಿಗೆ. ಆಮೇಲೆ ಟೈಲ್ಸ್ ಒಡೆಯೋ ಖರ್ಚಿಗಿಂತ ಇದು ಅಗ್ಗ.

2. ಗೀಸರ್‌ಗೆ ಹೋಗುವ ಪೈಪಿಗೆ ಮಣ್ಣು ತಡೆಯುವ ಫಿಲ್ಟರ್ ಹಾಕಿಸಿ. ಮಳೆಗಾಲ ಮುಗಿದ ಮೇಲೆ ಸಂಪ್ ತೊಳೆಸಿ. ಪಟಿಕ ಹಾಕಿದರೆ ಮಣ್ಣು ತಳಕ್ಕೆ ಕೂರುತ್ತೆ, ಗಡಸುತನ ಹೋಗಲ್ಲ. ಅದಿರು ಲಾರಿಗಳ ಧೂಳಿರುವ ಸಂಡೂರಿನವರು ಟ್ಯಾಂಕಿನ ಮುಚ್ಚಳ ಭದ್ರವಾಗಿದೆಯಾ ನೋಡಿಕೊಳ್ಳಿ.

3. ಥರ್ಮೋಸ್ಟಾಟ್ 55 ಡಿಗ್ರಿ ಆಸುಪಾಸು ಇರಲಿ. 60 ದಾಟಿದರೆ ಪದರ ಬೇಗ ಕಟ್ಟುತ್ತೆ.

4. ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಿ. ಬೋರ್ ನೀರೇ ಗತಿ ಅಂದರೆ ಆರು ತಿಂಗಳಿಗೊಮ್ಮೆ. ಸೀಸನ್‌ನಲ್ಲಿ ದಿನವಿಡೀ ಗೀಸರ್ ಓಡಿಸುವ ಹಂಪಿಯ ಹೋಂಸ್ಟೇಗಳಿಗೂ ಇದೇ ಲೆಕ್ಕ. ಬರೀ ನೀರು ಖಾಲಿ ಮಾಡಿ ಹೋದರೆ ಸಾಲದು. ಕಾಯಿಲ್ ಬಿಚ್ಚಿ ಪದರ ತೆಗೆಯಬೇಕು, ಆನೋಡ್ ರಾಡ್ ತೋರಿಸಬೇಕು. ಈ ಮೆಗ್ನೀಸಿಯಂ ಕಡ್ಡಿ ತಾನು ಸವೆದು ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಕಾಯುತ್ತೆ. ಅದು ಸವೆದು ಹೋಗಿದ್ದರೆ ಬದಲಿಸಿ.

5. ಬೋರ್ ಬಿಟ್ಟು ಬೇರೆ ನೀರೇ ಇಲ್ಲದಿದ್ದರೆ ಉಪ್ಪು ಹಾಕುವ ಸಾಫ್ಟನರ್ ಬೇಕು. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತೆ, ಹಾಗಾಗಿ ಅಡುಗೆಮನೆ ಲೈನ್ ಬೇರೆ ಇರಲಿ. ಮನೆಯಲ್ಲಿ ಬಿಪಿ ಇರುವ ಹಿರಿಯರಿದ್ದರಂತೂ ಇದನ್ನು ಮರೀಬೇಡಿ.

ಇದನ್ನು ಮಾತ್ರ ಮಾಡಬೇಡಿ

ಗೀಸರ್ ಕೆಳಗಿನ ಸೇಫ್ಟಿ ವಾಲ್ವ್ ಹನಿ ಹನಿ ಸೋರುತ್ತೆ ಅಂತ ಅದನ್ನು ಮುಚ್ಚಿಸಬೇಡಿ. ಒಳಗಿನ ಒತ್ತಡ ಹೊರಹೋಗಲು ಇರುವ ದಾರಿ ಅದು. ಅದು ಸುಣ್ಣ ಕಟ್ಟಿ ಮುಚ್ಚಿಕೊಂಡು, ಥರ್ಮೋಸ್ಟಾಟೂ ಕೈಕೊಟ್ಟರೆ ಟ್ಯಾಂಕ್ ಸಿಡಿಯುವ ಅಪಾಯವಿದೆ. ಸರ್ವಿಸ್‌ಗೆ ಬಂದವರು ವಾಲ್ವ್ ನೋಡಿದರಾ ಅಂತ ಕೇಳಿಯೇ ದುಡ್ಡು ಕೊಡಿ. ಬಾತ್‌ರೂಮ್ ತೊಳೆಯುವ ಆಸಿಡ್ಡನ್ನು ಗೀಸರ್‌ಗೆ ಹಾಕಲು ಬಿಡಬೇಡಿ, ಟ್ಯಾಂಕೇ ತೂತಾದೀತು.

ಇವತ್ತು ಸಂಜೆ ವಾರಂಟಿ ಕಾರ್ಡ್ ತೆಗೆದು, ಗಡಸು ನೀರಿನಿಂದಾದ ಹಾನಿ ಅದರಲ್ಲಿ ಸೇರಿದೆಯಾ ಓದಿ. ಭಾನುವಾರ ಬಾಟಲಿ ಪರೀಕ್ಷೆ ಮಾಡಿ. ಹೊಸಪೇಟೆ, ಕಂಪ್ಲಿ, ಸಂಡೂರು, ಯಾವ ಊರಿನ ಯಾವ ನೀರು ಏನು ಹೇಳಿತು ಅಂತ ನಮಗೂ ಬರೆದು ತಿಳಿಸಿ.