ಮುಟ್ಟು ನಿಂತ ಮೇಲಿನ ರಕ್ತಸ್ರಾವ: ಮೊದಲು ಪರೀಕ್ಷೆ, ಅನಂತರ ಔಷಧ

ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಅದು ಉಪೇಕ್ಷಿಸತಕ್ಕ ವಿಷಯವಲ್ಲ. ಹೀಗೆ ಸ್ರಾವವಾಗುವ ನೂರು ಮಂದಿಯಲ್ಲಿ ಸುಮಾರು ೯ ಮಂದಿಗೆ ಗರ್ಭಾಶಯದ ಒಳಪದರದ ಕ್ಯಾನ್ಸರ್ ಇರುತ್ತದೆ. ಆದರೂ ಅನೇಕ ತಾಯಂದಿರು ಸಂಕೋಚದಿಂದ ಮುಚ್ಚಿಡುತ್ತಾರೆ. ಇಲ್ಲವೇ ತಾವೇ ಅಶೋಕಾರಿಷ್ಟ ತರಿಸಿ ಸೇವಿಸುತ್ತಾರೆ. ಕಾರಣವನ್ನರಿಯದೆ ಸ್ರಾವವನ್ನು ತಡೆಯುವುದು ಆಯುರ್ವೇದಕ್ಕೂ ಸಮ್ಮತವಲ್ಲ. ಮೊದಲು ರೋಗಪರೀಕ್ಷೆ, ಅನಂತರವೇ ಔಷಧವಿಚಾರ ಎಂಬುದು ಚರಕರ ಮತ.

ಇಂದು ಆ ಪರೀಕ್ಷೆ ಬಹು ಸೂಕ್ಷ್ಮವಾಗಿದೆ. ಜೀವಕೋಶಗಳ ಅತಿಬೆಳವಣಿಗೆಗೆ ಕಡಿವಾಣ ಹಾಕುವ ವಂಶವಾಹಿಗಳು ನಮ್ಮ ದೇಹದಲ್ಲಿವೆ. ೧೯೯೭ರಲ್ಲಿ ಗುರುತಿಸಲಾದ ಪಿಟೆನ್ ಅಂಥದೊಂದು. ಒಳಪದರದ ಚೂರನ್ನು ತೆಗೆದು ವಿಶೇಷ ಬಣ್ಣ ಹಾಕಿ ನೋಡಿದಾಗ, ಸಂದೇಹಾಸ್ಪದ ಗ್ರಂಥಿಗಳಲ್ಲಿ ಪಿಟೆನ್, ಪ್ಯಾಕ್ಸ್-೨ ಪ್ರೋಟೀನುಗಳು ಕಾಣದಿದ್ದರೆ ಕ್ಯಾನ್ಸರಿನ ಪೂರ್ವಾವಸ್ಥೆಯ ಅನುಮಾನ ಬಲಗೊಳ್ಳುತ್ತದೆ. ಕ್ಯಾನ್ಸರಿನಲ್ಲಿ ಪಿ-೫೩ ಅಸಹಜವಾಗಿದ್ದರೆ ಅದು ಉಗ್ರಸ್ವರೂಪದ ಸೂಚನೆ. ಎಂಎಲ್‌ಎಚ್-೧ ಮುಂತಾದವು ಇಲ್ಲವಾಗಿದ್ದರೆ ಕೆಲವೊಮ್ಮೆ ವಂಶಪಾರಂಪರ್ಯದ ಲಿಂಚ್ ಸಿಂಡ್ರೋಮ್ ಇರಬಹುದು; ಆಗ ಮಕ್ಕಳೂ ಒಡಹುಟ್ಟಿದವರೂ ದೊಡ್ಡಕರುಳಿನ ಕ್ಯಾನ್ಸರಿನ ವಿಷಯದಲ್ಲಿ ಎಚ್ಚರ ವಹಿಸಬೇಕು.

ಆದರೆ ಸೂಚಕವೊಂದೇ ತೀರ್ಪಲ್ಲ. ಸಹಜವಾಗಿ ಕಾಣುವ ಒಳಪದರದಲ್ಲಿಯೂ ಪಿಟೆನ್ ಇಲ್ಲದ ಗ್ರಂಥಿಗಳುಂಟು; ಪಿಟೆನ್ ಉಳಿದಿರುವ ಕ್ಯಾನ್ಸರೂ ಉಂಟು. ಗ್ರಂಥಿಗಳ ರಚನೆಯನ್ನು ಓದಬಲ್ಲ ತಜ್ಞರ ಕಣ್ಣೇ ನ್ಯಾಯಾಧೀಶ, ಸೂಚಕಗಳು ಸಾಕ್ಷಿಗಳು. ಆದ್ದರಿಂದ ಈ ಪರೀಕ್ಷೆಗಳು ಎಲ್ಲರಿಗೂ ಬೇಕೆಂದು ನಾವು ಹೇಳೆವು. ತಜ್ಞರು ಬೇಕೆಂದಾಗ ಬೇಡವೆನ್ನಬಾರದೆಂದು ಮಾತ್ರ ಹೇಳುತ್ತೇವೆ.

ಸದ್ಭಕ್ತರು ತಮ್ಮ ಮನೆಯ ತಾಯಂದಿರನ್ನು ತಡಮಾಡದೆ ಸ್ತ್ರೀರೋಗ ತಜ್ಞರಲ್ಲಿಗೆ ಕರೆದೊಯ್ಯಲಿ. ನಮ್ಮ ಕಷಾಯ, ಅರಿಷ್ಟಗಳು ಕಾಯಬಲ್ಲವು. ಈ ರೋಗ ಕಾಯದು.